ಏರಿನಲ್ಲಿ ನೀರು ಕುಡಿಯುತ್ತಿದ್ದ ಜೀಪು

ಜೀಪಿಗೆ ಹಾಕಿದ ನೀರು ಎಲ್ಲಿಗೆ ಹೋಗುತ್ತದೋ ತಿಳಿಯುತ್ತಿಲ್ಲ ಎಂದು ನರ್ಸಬಾಯಿ ಹೇಳಿದಾಗ ನನಗೆ ನಗು ಬಂತು. ಎಂಜಿನ್ನಿನ ನೀರು ಹೋಗಲಿಕ್ಕೆ ಇರುವುದು ಮೂರೇ ದಾರಿ. ಹೊರಗೆ ಸೋರಬೇಕು, ಇಲ್ಲವೆ ಒಳಗೆ ಎಣ್ಣೆಯಲ್ಲಿ ಕೂಡಬೇಕು, ಇಲ್ಲವೆ ಆವಿಯಾಗಿ ಹಾರಬೇಕು. ಬೆರಳು ಮಡಿಸಿ ಎಣಿಸಿ ತೋರಿಸಿದೆ. ಅವರು ನಗಲಿಲ್ಲ.

"ನಾಕನೇದು ಒಂದು ಅದ ಅಂತಾನ್ರಿ ನಮ್ಮ ಡ್ರೈವರ್. ಯಾರೋ ಕುಡೀತಾರಂತ."

"ಯಾರು ಕುಡೀತಾರ್ರಿ ಬಾಯಿ?"

"ಅವನ್ನೇ ಕೇಳ್ರಿ ಮಿಸ್ತ್ರಿ. ನಾ ಹೇಳಂಗಿಲ್ಲ."

ಇದು ಎಪ್ಪತ್ತರ ದಶಕದ ನಡುವಿನ ಮಾತು. ಸೆಪ್ಟೆಂಬರಿನ ಉತ್ತರಿ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಹುಮನಾಬಾದಿನಲ್ಲಿ ಹೈದರಾಬಾದ್ ರಸ್ತೆಯ ಮಗ್ಗುಲಿಗೆ ನನ್ನ ಗ್ಯಾರೇಜು: ತಗಡಿನ ಮಾಡು, ಕೆಳಗಿಳಿದು ಕೆಲಸ ಮಾಡಲು ಒಂದು ಗುಂಡಿ, ಮುಂದೆ ಒಂದು ಬೇವಿನ ಮರ. ಬಸವಕಲ್ಯಾಣದಲ್ಲಿ ಊರಿನ ವ್ಯಾಪಾರಿಗಳು ಕೂಡಿ ನಡೆಸುತ್ತಿದ್ದ ಒಂದು ಧರ್ಮದ ದವಾಖಾನೆ ಇತ್ತು. ಅಲ್ಲಿ ಹೆರಿಗೆ ಮಾಡಿಸಲು ಒಬ್ಬ ಡಾಕ್ಟರಬಾಯಿ, ಹಳ್ಳಿ ತಿರುಗಲು ಈ ನರ್ಸಬಾಯಿ, ಅವರ ತಿರುಗಾಟಕ್ಕೆ ಲಿಲಾವಿನಲ್ಲಿ ಸವಾಲು ಕೂಗಿ ತಂದ ಒಂದು ಹಳೆಯ ಮಿಲಿಟರಿ ಜೀಪು. ಎಡಗಡೆ ಸ್ಟೇರಿಂಗು, ನಾಲ್ಕೂ ಚಕ್ರ ಎಳೆಯುವ ಗಾಡಿ. ಮೈಗೆ ಹೊಸ ಹಸಿರು ಬಣ್ಣ ಬಳಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಡ್ರೈವರನನ್ನು ರೇಗಿಸಿದೆ. ಬಾನೆಟ್ಟಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ನೇತಾಡುತ್ತಿತ್ತು. ಒಂದಲ್ಲ, ಐದು ಸರ.

ಡ್ರೈವರ್ ನನ್ನ ವಯಸ್ಸಿನವನೇ. ಮಾತಿಗೆ ಮುಂದು, ಕೆಲಸಕ್ಕೂ ಹಿಂದಲ್ಲ. ಆ ದಿನ ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತವನು ಜೀಪಿನ ಕಡೆ ಬೆನ್ನು ಮಾಡಿಯೇ ಹೇಳಿದ.

"ಹೋದ ವರ್ಷ ಮಿರಗದ ಮಳ್ಯಾಗ ಘಾಟಬೋರಾಳದ ಆಚೆ ಒಂದು ಸಣ್ಣ ವಾಡಿಯಿಂದ ಒಬ್ಬಾಕಿ ಬಸುರಿನ್ನ ತರಾಕತ್ತಿದ್ವಿ ಉಸ್ತಾದ್. ಎರಡು ದಿನದಿಂದ ಬ್ಯಾನಿ ತಿನ್ನಾಕತ್ತಿದ್ಳು. ವಾಡಿ ದಾಟಿ ಮುರುಮಿನ ಏರು ಬರ್ತದಲ್ಲ, ಅಲ್ಲಿ ಎಂಜಿನ್ ಕುದೀತು. ಡಬ್ಬಿ ನೀರೆಲ್ಲ ಹಾಕಿದೆ, ಸಾಲಲಿಲ್ಲ. ಅಕಿ ತಾಯಿ ಮಗಳಿಗೆ ಕುಡಿಸಾಕ ಒಂದು ಕೊಡ ನೀರು ತಂದಿದ್ಳು. ಅದನ್ನೂ ಕಸಗೊಂಡು ಹಾಕಿದೆ. ಜಲ್ದಿ ಹೋಗೂಣು ಅಂತ ಹಾಕಿದೆ, ಬ್ಯಾರೆ ಏನಲ್ಲ."

"ಆಮೇಲೆ?"

"ಅದೂ ಕುದೀತು. ಅಕಿ ಮೂರು ಸರ್ತಿ ನೀರು ಕೇಳಿದ್ಳು. ನಾಕನೇ ಸರ್ತಿ ಕೇಳಲಿಲ್ಲ."

ಅಲ್ಲಿಂದ ಮುಂದೆ ಆ ಏರಿಗೆ ಬಂದಾಗಲೆಲ್ಲ ಜೀಪು ಕುದಿಯುತ್ತದೆ, ನೀರು ಖಾಲಿಯಾಗುತ್ತದೆ, ಕೆಳಗೆ ಒಂದು ಹನಿ ಕಾಣುವುದಿಲ್ಲ ಎಂದ. ಬೇರೆ ಯಾವ ದಾರಿಯಲ್ಲಿಯೂ ಹೀಗಾಗುವುದಿಲ್ಲ. ಆ ದಾರಿಯ ಎತ್ತಿನ ಗಾಡಿಯವರು ಈಗ ಅಲ್ಲಿ ಒಂದು ಕಲ್ಲಿಗೆ ತಂಬಿಗೆ ನೀರು ಹಾಕಿಯೇ ಮುಂದೆ ಹೋಗುತ್ತಾರಂತೆ. "ನೀರಡಿಸಿ ಸತ್ತಾಕಿ," ಎಂದ. "ತನ್ನ ನೀರು ತಾ ಕುಡಿಯಾಕತ್ತಾಳ. ಅದಕ್ಕ ನಾವೇನು ಅನ್ನೂದು?"

ನರ್ಸಬಾಯಿ ನನ್ನನ್ನು ಬದಿಗೆ ಕರೆದು ಉಳಿದದ್ದನ್ನು ಹೇಳಿದರು. ಸತ್ತವಳ ತಂಗಿಯನ್ನೇ ಆಮೇಲೆ ಅದೇ ಗಂಡನಿಗೆ ಕೊಟ್ಟು ಮದುವೆ ಮಾಡಿದ್ದರು. ಆ ತಂಗಿ ಈಗ ತುಂಬಿದ ಬಸುರಿ, ಚೊಚ್ಚಲಿಗೆಂದು ತವರಿಗೆ, ಅದೇ ವಾಡಿಗೆ ಬಂದಿದ್ದಳು. "ಅಕ್ಕನ ಹಂಗ ಇಕಿದೂ ಎಲುವು ಸಣ್ಣ. ಸೂಲಗಿತ್ತಿ ಕೈಲೆ ಆಗೂದಲ್ಲ. ಬ್ಯಾನಿ ಸುರು ಆದಕೂಡ್ಲೆ ಕಲ್ಯಾಣಕ್ಕ ತರಬೇಕು ಅಂತ ಡಾಕ್ಟರಬಾಯಿ ಹೇಳ್ಯಾರ. ಇದೇ ವಾರದಾಗ ಆಗ್ತದ್ರಿ. ಗಾಡಿ ಆ ಏರು ಹತ್ತಬೇಕು, ಅಷ್ಟ."

"ಹತ್ತತದ್ರಿ ಬಾಯಿ. ದೆವ್ವಕ್ಕ ಪಾನಾ, ಸ್ಕ್ರೂಡ್ರೈವರು ಹಿಡಿಯಾಕ ಬರಂಗಿಲ್ಲ, ನನಗ ಬರ್ತದ," ಎಂದೆ. ಆಗ ಹಾಗೆ ಮಾತಾಡುತ್ತಿದ್ದೆ.

ರೋಗವನ್ನು ಕಣ್ಣಿಂದ ಕಾಣದೆ ಬಿಚ್ಚಬಾರದು ಎನ್ನುವುದು ನನ್ನ ಪದ್ಧತಿ. ಮರುದಿನ ಡ್ರೈವರನನ್ನು ಪಕ್ಕದಲ್ಲಿ ಕೂಡಿಸಿಕೊಂಡು ನಾನೇ ಜೀಪು ಹೊಡೆದೆ. ಅವನು ಬರಲು ಒಲ್ಲೆ ಎಂದ, ಬೈದು ಹತ್ತಿಸಿದೆ. ಹಿಂದೆ ಎರಡು ಚೀಲ ಉಸುಕು ಹಾಕಿದೆ, ರೋಗಿಯ ಭಾರ ಇರಲಿ ಎಂದು. ಘಾಟಬೋರಾಳದ ತನಕ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಅರ್ಧಕ್ಕಿಂತ ಕೆಳಗೇ ಇತ್ತು. ವಾಡಿಯ ಹತ್ತಿರದ ಎರೆಹೊಲದ ದಾರಿಯಲ್ಲಿ ಕೆಸರು ಚಕ್ರದ ತುಂಬ. ಸಣ್ಣ ಗೇರಿನಲ್ಲಿ, ನಾಲ್ಕೂ ಚಕ್ರ ತಿರುಗಿಸುತ್ತ, ಆಮೆಯ ನಡಿಗೆಯಲ್ಲಿ ವಾಡಿಯ ಹೊರಗಿನ ತನಕ ಹೋಗಿ ತಿರುಗಿಸಿಕೊಂಡು ಏರಿಗೆ ಬಂದೆವು. ಮಟಮಟ ಮಧ್ಯಾಹ್ನ. ಮೋಡ ಕವಿದು ನೆರಳೇ ಬೀಳದ ಬೆಳಕು. ಏರಿನ ಎರಡೂ ಕಡೆ ಕಲ್ಲುಪುಡಿಯಂಥ ಕೆಂಪು ಮುರುಮು, ಅಲ್ಲಲ್ಲಿ ಕಾರೆಕಂಟಿ. ಒಂದು ದನ ಇಲ್ಲ, ಹೊಲದಲ್ಲಿ ಒಬ್ಬ ಆಳಿಲ್ಲ.

ಅರ್ಧ ಏರಿಗೆ ಮುಳ್ಳು ನೆಗೆಯಿತು. ಇನ್ನೂ ಹತ್ತು ಮಾರು ಹೋಗುವಷ್ಟರಲ್ಲಿ ಕೆಂಪಿಗೆ ಮುಟ್ಟಿತು. ಎಂಜಿನ್ ಆರಿಸಿದೆ. ಮಗ್ಗುಲಲ್ಲೇ ಆ ಕಲ್ಲು ಇತ್ತು. ಯಾರೋ ಬೆಳಿಗ್ಗೆ ಹಾಕಿದ ನೀರಿಗೆ ಅದರ ತಲೆ ಇನ್ನೂ ಕಪ್ಪಾಗಿತ್ತು. ಡ್ರೈವರ್ ಗಾಡಿಯಿಂದ ಜಿಗಿದು ದೂರ ಹೋಗಿ ನಿಂತ.

ಬಾನೆಟ್ ಎತ್ತಿ ಕಾಯುತ್ತ ನಿಂತೆ. ಆಗ ಆ ಸಪ್ಪಳ ಕೇಳಿಸಿತು. ಗುಟಕ್. ಸ್ವಲ್ಪ ಬಿಟ್ಟು ಮತ್ತೆ, ಗುಟಕ್, ಗುಟಕ್. ಬಹಳ ನೀರಡಿಸಿದವರು ಉಸಿರು ತೆಗೆದುಕೊಳ್ಳಲು ನಿಂತು ನಿಂತು ಕುಡಿಯುವಂತೆ. ಎಂಜಿನ್ ಆರಿದೆ, ಗಾಳಿ ಇಲ್ಲ, ಸಪ್ಪಳ ಮಾತ್ರ ಒಳಗಿಂದ ಬರುತ್ತಿದೆ. ಎಂಜಿನ್ ಬ್ಲಾಕಿನ ಹಿಂದಿನ ಮೂಲೆಯಲ್ಲಿ ಆವಿ ಸಿಕ್ಕಿಬಿದ್ದರೆ ನೀರನ್ನು ತಳ್ಳಿ ಹೀಗೆ ಸದ್ದು ಮಾಡುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಸುಳ್ಳು ಯಾಕೆ ಹೇಳಲಿ.

"ಕೇಳಿದ್ರ್ಯಾ?" ಎಂದು ಡ್ರೈವರ್ ದೂರದಿಂದ ಕೇಳಿದ.

ಗೋಣಿತಟ್ಟು ಮಡಿಸಿ ಮುಚ್ಚಳದ ಮೇಲೆ ಒತ್ತಿ, ಸ್ವಲ್ಪ ಸ್ವಲ್ಪ ಸಡಿಲಿಸಿ ತೆಗೆದೆ. ರೇಡಿಯೇಟರಿನಲ್ಲಿ ಕೈಬೆರಳು ಆಡಿಸಿದರೆ ನೀರೇ ಇಲ್ಲ. ಕೆಳಗೆ ಮಲಗಿ ನೋಡಿದೆ. ಒಣ ಮುರುಮು. ಮತ್ತೆ ಹೆಚ್ಚುವರಿ ನೀರು ಹೊರಹೋಗುವ ಸಣ್ಣ ಕೊಳವೆಯನ್ನು ಮುಟ್ಟಿದೆ. ಬೆರಳು ಸುಟ್ಟಿತು. ಅಲ್ಲಿಗೆ ಅರ್ಧ ತಿಳಿಯಿತು. ಕುದ್ದ ನೀರು ಆ ಕೊಳವೆಯಿಂದ ಏರಿನುದ್ದಕ್ಕೂ ಆವಿಯಾಗಿ ಉಗುಳಿಕೊಂಡು ಬಂದಿದೆ, ಬಿದ್ದ ನಾಲ್ಕು ಹನಿಯನ್ನು ಮುರುಮು ಹೀರಿದೆ. ಕುಡಿದದ್ದು ನೆಲ. ಆದರೆ ಇಷ್ಟು ಬೇಗ ಕುದಿಯುವುದು ಯಾಕೆ ಎನ್ನುವುದು ತಿಳಿಯಲಿಲ್ಲ. ಒಂದು ತಾಸು ಆರಲು ಬಿಟ್ಟು, ತಂದ ನೀರು ಹಾಕಿ ವಾಪಸು ಬಂದೆವು.

ಗ್ಯಾರೇಜಿನಲ್ಲಿ ಒಂದೊಂದಾಗಿ ನೋಡಿದೆ. ಫ್ಯಾನ್ ಬೆಲ್ಟು ಬಿಗಿ ಇದೆ. ಎಣ್ಣೆಯ ಕಡ್ಡಿ ಎಳೆದರೆ ಎಣ್ಣೆ ಕರಿ, ನೀರು ಬೆರೆತ ಬಿಳಿ ನೊರೆ ಇಲ್ಲ. ಗ್ಯಾಸ್ಕೆಟ್ ಸರಿ. ಕಿಡಿ ಹೊತ್ತುವ ಕಾಲ ಸ್ವಲ್ಪ ಹಿಂದೆ ಬಿದ್ದಿತ್ತು, ಅದನ್ನು ಮುಂದೆ ಮಾಡಿದೆ. ಅದೊಂದರಿಂದ ಇಷ್ಟು ಕುದಿಯುವುದಿಲ್ಲ. ಎಂಜಿನ್ ಕಾಯಿಸಿ ರೇಡಿಯೇಟರಿನ ಮೇಲೆ ಅಂಗೈ ಆಡಿಸಿದೆ. ಮೇಲೆ ಕೆಂಡ, ಕೆಳಗೆ ತಣ್ಣಗೆ, ನಡುವೆ ಅಲ್ಲಲ್ಲಿ ಸತ್ತ ಜಾಗ. ಬಿಚ್ಚಿ ಮೇಲಿನ ಬಾಯಿಗೆ ಒಂದು ಬಕೆಟ್ ನೀರು ಸುರಿದೆ. ಚೆನ್ನಾಗಿರುವ ರೇಡಿಯೇಟರು ಸುರಿದಷ್ಟೇ ವೇಗದಲ್ಲಿ ಕೆಳಗೆ ಬಿಡಬೇಕು. ಇದು ತೊಟ್ಟಿಕ್ಕಿತು.

ಇನ್ನೇನು, ಸುಣ್ಣದ ಪೊರೆ ಕಟ್ಟಿದೆ ಎಂದುಕೊಂಡೆ. ನಮ್ಮ ಕಡೆಯ ಬಾವಿ ನೀರಿಗೆ ಅದೇನೂ ಹೊಸದಲ್ಲ. ರೇಡಿಯೇಟರನ್ನು ಮತ್ತೆ ಕೂಡಿಸಿ, ಬಿಸಿನೀರಿನಲ್ಲಿ ಬಟ್ಟೆ ಒಗೆಯುವ ಸೋಡಾ ಕರಗಿಸಿ ತುಂಬಿ, ಅರ್ಧ ತಾಸು ಎಂಜಿನ್ ಓಡಿಸಿದೆ. ಗಾಡಿಯ ಸುದ್ದಿ ಕೇಳಲು ಬಂದ ನರ್ಸಬಾಯಿ ಬಾಕಿನ ಮೇಲೆ ಕೂತಿದ್ದರು, ಡ್ರೈವರ್ ಗುಂಡಿಯ ಅಂಚಿಗೆ ನಿಂತಿದ್ದ. ನಾನು ಕೆಳಗಿಳಿದು ನೀರು ಬಿಡುವ ತೋಟಿ ತಿರುಗಿಸಿದೆ.

ರಕ್ತ ಬಂತು.

ಹಾಗೆಂದೇ ಮೂವರಿಗೂ ಅನ್ನಿಸಿತು. ಬಿಸಿಯಾದ, ಮಂದವಾದ, ಕಡುಕೆಂಪು ನೀರು ನನ್ನ ಮೊಣಕೈ ತನಕ ಇಳಿಯಿತು. ನಡುವೆ ಕರಿಗೆಂಪು ಹೆಪ್ಪು ಹೆಪ್ಪು ಬಿದ್ದವು. ಡ್ರೈವರ್ ಏನೋ ಅಂದ, ಚಪ್ಪಲಿ ಬಿಟ್ಟು ರಸ್ತೆಯ ಕಡೆ ಓಡಿದ. ಹೆರಿಗೆಯ ರಕ್ತ ಎಷ್ಟೋ ಕಂಡ ನರ್ಸಬಾಯಿ ಎದ್ದು ನಿಂತು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಗುಂಡಿಯೊಳಗೆ ಒಬ್ಬನೇ. ಕೈ ಒರೆಸಿಕೊಳ್ಳಲೂ ಹೆದರಿಕೆ. ಆ ಹೊತ್ತು ಯಾರಾದರೂ ಬಂದು, ಇದು ಆಕೆಯದೇ ಎಂದಿದ್ದರೆ ಹೌದು ಎನ್ನುತ್ತಿದ್ದೆ.

ಆಮೇಲೆ ಮೂಗಿಗೆ ವಾಸನೆ ಹತ್ತಿತು. ನಮ್ಮ ಮನೆಯ ಅಡುಗೆಯ ವಾಸನೆ.

ಮೇಲೆ ಬಂದು ಬಾನೆಟ್ಟಿನ ಸರದಿಂದ ಒಂದು ನಿಂಬೆಹಣ್ಣು ಕಿತ್ತೆ. ಚಾಕುವಿನಿಂದ ಕೊಯ್ದು, ಒಂದು ಡಬ್ಬಿಯಲ್ಲಿ ಆ ಕೆಂಪು ನೀರು ಹಿಡಿದು ಹಿಂಡಿದೆ. ನೊರೆ ಎದ್ದಿತು. ಕೆಂಪು ಹೋಗಿ ಹಳದಿ ಆಯಿತು. ನರ್ಸಬಾಯಿ ಹತ್ತಿರ ಬಂದು ನೋಡಿದರು. ಬಾಣಂತಿಗೆ, ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರನ್ನು ಅರಿಶಿಣಕ್ಕೆ ಸುಣ್ಣ ಕಲಸಿ ಮಾಡುವುದು ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಸುಣ್ಣ ಮಾಡುವ ಕೆಲಸವನ್ನು ಇಲ್ಲಿ ಸೋಡಾ ಮಾಡಿತ್ತು.

"ಅರಿಶಿಣ," ಎಂದರು. "ಇದರಾಗ ಯಾರು ಹಾಕಿದ್ರು?"

"ಯಾರಿಗ್ಗೊತ್ರಿ ಬಾಯಿ," ಎಂದೆ.

ನನಗೆ ಗೊತ್ತಿತ್ತು. ಹೋದ ವರ್ಷದ ಬೇಸಿಗೆಯಲ್ಲಿ ಡ್ರೈವರ್ ಇದೇ ಜೀಪು ತಂದು ನಿಲ್ಲಿಸಿದ್ದ. ರೇಡಿಯೇಟರು ಒಂದು ಕಡೆ ಬೆವರುತ್ತಿತ್ತು, ಅಷ್ಟೇ. ಬಿಚ್ಚಿ ಬೆಸುಗೆ ಹಾಕಲು ಅರ್ಧ ದಿನ ಬೇಕು. ನಾನು ಒಂದು ಲಾರಿಯ ಗೇರ್ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದೆ, ಲಾರಿಯವನು ತಲೆಯ ಮೇಲೆ ಕೂತಿದ್ದ. "ಒಂದು ಮುಷ್ಟಿ ಅರಿಶಿಣ ಪುಡಿ ಹಾಕೋ ಮಾರಾಯ, ನಿಲ್ತದ. ಮತ್ತ ಸೋರಿದ್ರ ಮತ್ತ ಹಾಕು," ಎಂದು, ಮನೆಯೊಳಗಿಂದ ಪುಡಿ ತರಿಸಿ ಕೊಟ್ಟದ್ದೂ ನಾನೇ. ನಮ್ಮ ಕಡೆ ಎಲ್ಲರೂ ಮಾಡುವುದೇ. ಊರು ಮುಟ್ಟುವ ತನಕದ ಉಪಾಯ ಅದು, ಊರು ಮುಟ್ಟಿದ ಮೇಲೆ ತೊಳೆದು ಬೆಸುಗೆ ಹಾಕಿಸಬೇಕು. ಆ ಎರಡನೇ ಮಾತು ನಾನು ಹೇಳಲಿಲ್ಲ. ಅವನು ಭಕ್ತಿಯಿಂದ ಮುಷ್ಟಿ ಮುಷ್ಟಿ ಹಾಕುತ್ತ ಹೋಗಿದ್ದಾನೆ. ಪುಡಿ ಕೊಳವೆಗಳಲ್ಲಿ ಸುಣ್ಣದ ಜೊತೆ ಕೂಡಿ ಗಾರೆಯಾಗಿದೆ. ಬೇಸಿಗೆ ಮುಗಿದು ಮಿರಗದ ಮಳೆ ಹಿಡಿದಾಗ ಆ ಹೆಣ್ಣುಮಗಳು ಏರಿನಲ್ಲಿ ಸತ್ತಳು.

ನರ್ಸಬಾಯಿ ನನ್ನ ಮುಖ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಸುಮ್ಮಸುಮ್ಮನೆ ಅರಿವೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಅವರು ಮತ್ತೇನೂ ಕೇಳದೆ ಬಸ್ಸಿಗೆ ಹೋದರು. ನನಗೆ ಬದುಕಿದೆನಪ್ಪ ಅನ್ನಿಸಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮುಂದಿನ ಎರಡು ದಿನ ಬೇರೆ ಗಾಡಿ ಮುಟ್ಟಲಿಲ್ಲ. ರೇಡಿಯೇಟರಿನ ಮೇಲಿನ ತೊಟ್ಟಿಯ ಬೆಸುಗೆ ಕರಗಿಸಿ ಬಿಚ್ಚಿದೆ. ಕೊಳವೆಗಳ ಬಾಯಿ ಸಾಲಾಗಿ ಕಂಡಿತು, ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ತೆಳುವಾದ ಉಕ್ಕಿನ ಪಟ್ಟಿ ಕತ್ತರಿಸಿ, ಅಂಚು ಉಜ್ಜಿ ನುಣ್ಣಗೆ ಮಾಡಿ, ಒಂದೊಂದು ಕೊಳವೆಗೂ ಮೇಲಿಂದ ಕೆಳಗೆ ತೂರಿಸಿದೆ. ಜೋರು ಮಾಡಿದರೆ ಹಿತ್ತಾಳೆ ಹರಿಯುತ್ತದೆ, ಹಗುರ ಮಾಡಿದರೆ ಗಾರೆ ಬಿಡುವುದಿಲ್ಲ. ನಾಲ್ಕು ಕೊಳವೆ ಹರಿದವು, ಅವನ್ನು ಎರಡೂ ತುದಿಗೆ ಬೆಸೆದು ಮುಚ್ಚಿದೆ. ಮೊದಲು ಬೆವರುತ್ತಿದ್ದ ಜಾಗಕ್ಕೂ ಬೆಸುಗೆ ಹಾಕಿದೆ. ಅದಕ್ಕೆ ಹಿಡಿದದ್ದು ಅರ್ಧ ದಿನವೂ ಅಲ್ಲ. ಬ್ಲಾಕಿಗೆ ತಿರುವುಮುರುವಾಗಿ, ನೀರು ಬರುವ ಕಡೆಯಿಂದಲ್ಲ, ಹೋಗುವ ಕಡೆಯಿಂದ ಕೊಳವೆ ಹಿಡಿದು ತೊಳೆದೆ. ಹಿಂದಿನ ಸಿಲಿಂಡರಿನ ಸುತ್ತ ತಂತಿ ಹಾಕಿ ಕೆದರಿದರೂ ಸ್ವಲ್ಪ ಉಳಿಯಿತು. ಎಂಜಿನ್ನಿನ ತಲೆ ಬಿಚ್ಚದೆ ಅದು ಹೋಗುವುದಿಲ್ಲ, ತಲೆ ಬಿಚ್ಚಲು ದಿನವಿರಲಿಲ್ಲ.

ನಿಂತುಹೋದರೆ ಏನು ಬೇಕು ಎಂದು ಯೋಚಿಸಿ ಹಿಂದಿನ ಪೆಟ್ಟಿಗೆ ತುಂಬಿದೆ. ಇನ್ನೊಂದು ಬೆಲ್ಟು, ರಬ್ಬರಿನ ನೀರಿನ ಕೊಳವೆ ಮೇಲಿನದೊಂದು ಕೆಳಗಿನದೊಂದು, ಒಡೆದರೆ ಸುತ್ತಲು ಸೈಕಲ್ ಟ್ಯೂಬಿನ ಪಟ್ಟಿ, ಪೆಟ್ರೋಲ್ ಟಾಕಿ ಸೋರಿದರೆ ಮೆತ್ತಲು ಸಾಬೂನು, ಪ್ಲಗ್ಗು, ಹಗ್ಗ, ಸಲಿಕೆ. ಎರೆಮಣ್ಣಿನಲ್ಲಿ ಜ್ಯಾಕು ಇಟ್ಟರೆ ಗಾಡಿ ಏಳುವ ಬದಲು ಜ್ಯಾಕೇ ಇಳಿಯುತ್ತದೆ, ಅದಕ್ಕೆ ಕೆಳಗಿಡಲು ಒಂದು ದಪ್ಪ ಹಲಗೆ. ಎರಡು ಹೊಸ ನೀರಿನ ಡಬ್ಬಿ ತಂದು ಒಂದರ ಮೇಲೆ ಗಾಡಿ, ಇನ್ನೊಂದರ ಮೇಲೆ ಮಂದಿ ಎಂದು ಬಿಳಿ ಬಣ್ಣದಲ್ಲಿ ಬರೆದೆ.

ಮೂರನೇ ದಿನ ಬೆಳಿಗ್ಗೆ ಜೀಪು ಒಪ್ಪಿಸಲು ಕಲ್ಯಾಣಕ್ಕೆ ಹೋದೆ. ರಾಜೇಶ್ವರ ದಾಟುವ ತನಕ ಮುಳ್ಳು ಅಲುಗಲಿಲ್ಲ. ದವಾಖಾನೆಯ ಮುಂದೆ ವಾಡಿಯಿಂದ ಸೈಕಲ್ ಹೊಡೆದುಕೊಂಡು ಬಂದ ಒಬ್ಬ ಗಂಡಸು ನಿಂತಿದ್ದ, ಬಸುರಿಯ ಗಂಡ. ನಸುಕಿನಿಂದ ಹೆರಿಗೆ ಬ್ಯಾನಿ ಎದ್ದಿದೆ ಎಂದ. ಡ್ರೈವರ್ ಬಲಗೈಗೆ ಅರಿವೆ ಸುತ್ತಿಕೊಂಡಿದ್ದ.

"ಕೈ ಸ್ಟೇರಿಂಗ್ ಹಿಡಿಯಂಗಿಲ್ಲ ಉಸ್ತಾದ್," ಎಂದ. ಅರಿವೆಯ ಕೆಳಗೆ ಗಾಯ ಇರಲಿಲ್ಲ ಎಂದು ಅವನಿಗೂ ನನಗೂ ಗೊತ್ತು. ನರ್ಸಬಾಯಿ ಚೀಲ ಹಿಡಿದು ಬಂದು ಸುಮ್ಮನೆ ನನ್ನ ಪಕ್ಕದ ಸೀಟಿನಲ್ಲಿ ಕೂತರು. ನಾನು ಗಾಡಿ ತಿರುಗಿಸಿದೆ.

ವಾಡಿ ಎಂದರೆ ಹದಿನೈದು ಮನೆ. ಜೀಪಿನ ಸದ್ದು ಕೇಳಿ ಬಾಗಿಲಿಗೆ ಬಂದವರು ಜೀಪು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮನೆಯ ಹೊಸ್ತಿಲಲ್ಲಿ ತಾಯಿ ಕೂತಿದ್ದಳು. ಐವತ್ತರ ಸುಮಾರು, ಗಟ್ಟಿ ಮೈ, ಹಣೆಯಲ್ಲಿ ದೊಡ್ಡ ವಿಭೂತಿ. ಹಿಂದಿನಿಂದ ನರಳಿಕೆ ಕೇಳುತ್ತಿತ್ತು.

"ಬ್ಯಾಡ್ರಿ ಬಾಯಿ, ಆ ಗಾಡ್ಯಾಗ ಕಳಸಂಗಿಲ್ಲ," ಎಂದಳು. ದನಿ ಏರಿಸಲಿಲ್ಲ. "ಹಿರಿಯಾಕಿ ಅದರಾಗ ಕುಂತಾಳ. ತಂಗಿ ಬರ್ಲಿ ಅಂತ ದಾರಿ ನೋಡಾಕತ್ತಾಳ. ಗಂಡ ಅಕಿಂದು, ಸಂಸಾರ ಅಕಿಂದು. ಬಿಡತಾಳೇನು?"

"ಗಾಡಿ ರಿಪೇರಿ ಆಗ್ಯಾದ ಅವ್ವಾ. ಏನೂ ಇಲ್ಲ ಅದರಾಗ," ಎಂದರು ನರ್ಸಬಾಯಿ. ಡಾಕ್ಟರಬಾಯಿ ಹೇಳಿದ್ದೆಲ್ಲ ಹೇಳಿದರು. ಎತ್ತಿನ ಗಾಡಿ ಹೂಡುತ್ತೇವೆ ಎಂದಳು ತಾಯಿ. ಆ ಕೆಸರಿನಲ್ಲಿ ಎತ್ತಿನ ಗಾಡಿ ಕಲ್ಯಾಣ ಮುಟ್ಟುವಾಗ ಕತ್ತಲಾಗುತ್ತದೆ. ಒಳಗೆ ನರಳಿಕೆ ಒಮ್ಮೆ ಏರಿ ನಿಂತಿತು. ನರ್ಸಬಾಯಿ ಒಳಗೆ ಹೋಗಿ ನೋಡಿ ಬಂದು ನನ್ನನ್ನು ನೋಡಿದರು, ತಲೆ ಆಡಿಸಿದರು. ಹೊತ್ತಿಲ್ಲ ಎಂದು.

ದೆವ್ವ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಆ ತಾಯಿ ಏಳುತ್ತಿರಲಿಲ್ಲ. ಇಲ್ಲ ಎಂದರೆ ಮತ್ತೆ ಯಾರು? ಅದಕ್ಕೆ ಉತ್ತರ ನನ್ನೊಬ್ಬನ ಹತ್ತಿರ ಇತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಂಗಳದ ಕೆಸರಿನಲ್ಲಿ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಅವ್ವಾ, ನಿಮ್ಮ ಮಗಳು ಅದರಾಗಿಲ್ರಿ. ಗಾಡಿ ಕುದ್ದಿದ್ದು ನನ್ನಿಂದ. ನೀರಿನ ಟಾಕಿ ಸೋರತಿತ್ತು. ಬೆಸಿಗಿ ಹಾಕೂ ಬದಲಿ ಅರಿಶಿಣ ಹಾಕಂತ ಡ್ರೈವರ್‌ಗೆ ಹೇಳಿದಾಂವ ನಾ. ನನಗ ಬ್ಯಾರೆ ಕೆಲಸ ಇತ್ತು, ಬ್ಯಾಸರ ಮಾಡಿದೆ. ಅದು ಒಳಗ ಕಟ್ಟಿಕೊಂಡು ಗಾಡಿ ಕುದೀತು. ಡ್ರೈವರ್‌ಗೆ ಮಾಲೂಮಿಲ್ಲ. ಬಾಯಿಯವ್ರಿಗೂ ನಾ ಹೇಳಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು. ಕಣ್ಣು ಮಿಟುಕಿಸಲಿಲ್ಲ.

"ಅರಿಶಿಣ," ಎಂದಳು.

"ಹೌದ್ರಿ."

"ಈಗ?"

"ಈಗ ತೆಗೆದೀನಿ. ನಾನ ಹೊಡೀತೀನಿ. ಏರಿನಾಗ ನಿಂತ್ರ ನೀವು ಹೇಳಿದಂಗ ಕೇಳ್ತೀನಿ."

ಆಕೆ ಹೊಸ್ತಿಲು ಬಿಟ್ಟು ಎದ್ದಳು. "ಎತ್ರಿ ಅಕಿನ್ನ," ಎಂದಳು ಅಳಿಯನಿಗೆ.

ಬಸುರಿ ಹುಡುಗಿ, ತಾಯಿ, ಗಂಡ ಮೂವರೂ ಹಿಂದೆ ಕೂತರು. ವಾಡಿಯ ಹೊರಗಿನ ಹಳ್ಳದ ಹತ್ತಿರ ಕೆಸರು ಬಾನೆಟ್ಟಿನ ತನಕ ಹಾರಿತು. ಅದೇ ಬೆಳಕು, ಅದೇ ಮಧ್ಯಾಹ್ನ. ಏರಿನ ಬುಡಕ್ಕೆ ಬಂದಾಗ ಗಾಳಿ ನಮ್ಮ ಬೆನ್ನಿಗೆ ತಿರುಗಿತು. ಬೆನ್ನ ಗಾಳಿ ಎಂದರೆ ರೇಡಿಯೇಟರಿಗೆ ಉಸಿರಿಲ್ಲ. ಮುಳ್ಳು ಏಳತೊಡಗಿತು. ಹಿಂದೆ ಬಸುರಿಯ ನರಳಿಕೆ ನಿಂತಿತ್ತು. ಕಲ್ಲಿಗೆ ಎರಡು ಮಾರು ಇರುವಾಗ ಮುಳ್ಳು ಕೆಂಪಿನ ಅಂಚಿಗೆ ಬಂತು.

ಆಗ ಹಿಂದಿನಿಂದ ಹುಡುಗಿ ಹೇಳಿದಳು. "ಯವ್ವಾ, ನೀರು."

ನರ್ಸಬಾಯಿ ನನ್ನ ತೋಳು ಹಿಡಿದರು. "ಇಲ್ಲಿ ನಿಲ್ಲಿಸಬ್ಯಾಡ್ರಿ ಮಿಸ್ತ್ರಿ," ಎಂದರು, ದೆವ್ವ ನಂಬದ ಬಾಯಿ. ಹೊಡೆದುಕೊಂಡು ಹೋಗಿದ್ದರೆ ಇನ್ನೂ ಐವತ್ತು ಮಾರು, ಆಮೇಲೆ ಕುದಿಯುತ್ತಿತ್ತು. ನಿಲ್ಲಿಸಿದರೆ ಅದೇ ಕಲ್ಲಿನ ಮಗ್ಗುಲು. ನಿಲ್ಲಿಸಿದೆ. ಸ್ಟೇರಿಂಗ್ ಮುರಿದು, ಏರಿಗೆ ಅಡ್ಡ ತಿರುಗಿಸಿ, ಓರೆಯಾಗಿ ಕೆಳಗೆ ನೋಡುವಂತೆ ಜೀಪಿನ ಮೂತಿಯನ್ನು ಗಾಳಿಗೆ ಕೊಟ್ಟೆ. ಎಂಜಿನ್ ಆರಿಸಲಿಲ್ಲ. ಆರಿಸಿದರೆ ಪಂಪು ನಿಂತು ಇದ್ದಲ್ಲೇ ಕುದಿಯುತ್ತದೆ. ಗೇರು ತೆಗೆದು, ಕೈ ಬ್ರೇಕ್ ಎಳೆದು, ಗಂಡನಿಗೆ ಚಕ್ರಕ್ಕೆ ಕಲ್ಲು ಕೊಡಲು ಹೇಳಿ ಇಳಿದೆ. ರೇಡಿಯೇಟರಿನ ಮುಖದ ತುಂಬ ಎರೆಮಣ್ಣು ಮೆತ್ತಿ ಒಣಗುತ್ತಿತ್ತು. ಹಳ್ಳ ದಾಟಿದ ಕೂಡಲೇ ತೊಳೆಯಬೇಕಿತ್ತು, ಅವಸರದಲ್ಲಿ ಮರೆತಿದ್ದೆ. ಮುಚ್ಚಳ ಮುಟ್ಟಲಿಲ್ಲ. ಗಾಡಿಯ ಡಬ್ಬಿಯಿಂದ ಚಿಮುಕಿಸಿ ಚಿಮುಕಿಸಿ ಆ ಮಣ್ಣು ಇಳಿಸಿದೆ.

ತಾಯಿ ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದು ತಂಬಿಗೆಗೆ ಸುರಿದಳು. "ಹಗೂರ್ಕ ಕುಡಿ," ಎಂದಳು. ಹುಡುಗಿ ಕುಡಿದಳು. ಗುಟಕ್. ಉಸಿರು ತೆಗೆದುಕೊಂಡು ಮತ್ತೆ, ಗುಟಕ್, ಗುಟಕ್. ಆ ದಿನ ಎಂಜಿನ್ನಿನ ಒಳಗಿಂದ ಕೇಳಿದ್ದು ಇದೇ ಸಪ್ಪಳ. ಎಂಜಿನ್ ಮುಂದೆ ಗುಂಯ್ ಎನ್ನುತ್ತಿದ್ದರೂ ಅಷ್ಟು ಸ್ಪಷ್ಟವಾಗಿ ಹೇಗೆ ಕೇಳಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಹುಡುಗಿ ತಂಬಿಗೆ ಕೆಳಗಿಟ್ಟಳು. ಸಪ್ಪಳ ಇನ್ನೂ ಎರಡು ಸಲ ಕೇಳಿತು. ನಾನು ಯಾರನ್ನೂ ಕೇಳಲಿಲ್ಲ, ಯಾರೂ ನನಗೆ ಹೇಳಲಿಲ್ಲ. ಮುಳ್ಳು ನಿಧಾನಕ್ಕೆ ಇಳಿಯಿತು. ಅರ್ಧಕ್ಕೆ ಬಂದಾಗ ಕಲ್ಲು ತೆಗೆಸಿ ಹೊರಟೆ. ಮೇಲೆ ಹತ್ತಿದೆವು.

ಆ ಸಂಜೆ ಡಾಕ್ಟರಬಾಯಿ ಚಿಮಟ ಹಾಕಿ ಕೂಸನ್ನು ತೆಗೆದರು. ಹೆಣ್ಣು. ಬಾಣಂತಿ, ಕೂಸು ಇಬ್ಬರೂ ಉಳಿದರು. ಡ್ರೈವರನಿಗೆ ಅರಿಶಿಣದ ಸಂಗತಿ ಹೇಳಿದೆ. "ಹೌದೇನು," ಎಂದ, ಆದರೆ ನಂಬಲಿಲ್ಲ. ಬೆಳಿಗ್ಗೆ ನೋಡಿದರೆ ಜೀಪಿಗೆ ಆರನೇ ನಿಂಬೆಹಣ್ಣಿನ ಸರ ಕಟ್ಟಿದ್ದ.

ನಾನು ಚಕ್ರದ ಕೆಸರು ಕೆರೆಯುತ್ತಿದ್ದಾಗ ಆ ಹುಡುಗಿಯ ತಾಯಿ ಬಂದು ನಿಂತಳು. ರಾತ್ರಿ ಮಲಗಿದಂತೆ ಕಾಣಲಿಲ್ಲ.

"ದೆವ್ವ ಆಗಿದ್ರ ಒಂದು ಕಾಯಿ ಒಡದು, ಎಡಿ ಇಟ್ಟು ಸುಮ್ಮ ಆಗತಿದ್ದೆ," ಎಂದಳು. "ವರ್ಷಾತು, ಅದನ್ನ ಮಾಡಿಕೋತ ಬಂದೆ. ಈಗ ನೋಡಿದ್ರ ನೀ. ನಿನಗ ನಾ ಏನು ಮಾಡ್ಲಿ? ನೀನ ಹೇಳು."

ನಿನ್ನೆ ಎಲ್ಲರಿಗೂ ರೀ ಹಚ್ಚಿ ಮಾತಾಡಿದವಳು ನನಗೆ ನೀ ಎಂದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಆ ಮಾತು ಎಷ್ಟು ಸಣ್ಣದು ಎನಿಸಿ ಮುಚ್ಚಿಕೊಂಡೆ. ಆಕೆ ಸೆರಗು ಸರಿಮಾಡಿಕೊಂಡು ಜೀಪಿನ ಮುಂದಿನ ಸೀಟಿಗೆ ಹತ್ತಿದಳು. "ನಡಿ, ಊರಿಗೆ ಬಿಡು. ಕೂಸಿನ ಅರಿವಿ ತರಬೇಕು."

ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ಹೋಗುವಾಗ ಆ ಏರು ಇಳಿಜಾರು. ಪೆಟ್ರೋಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಗಾಡಿಯನ್ನು ಹಾಗೇ ಬಿಡುವುದು ನಮ್ಮ ಕಡೆಯ ಎಲ್ಲರ ಚಟ, ನನ್ನದೂ. ಆ ದಿನ ಆರಿಸಲಿಲ್ಲ. ಆ ಸದ್ದೂ ಇಲ್ಲದೆ ಆಕೆಯ ಪಕ್ಕದಲ್ಲಿ ಕೂಡುವ ಧೈರ್ಯ ನನಗಿರಲಿಲ್ಲ.